ಗುಂಡಿ ಡಬ್ಬಿ

ಕಪ್ಪು ಕೋಟಿನ ಮೇಲೆ ಬಿದ್ದಿದ್ದ ಬಿಳಿ ಪುಡಿಯನ್ನು ಸೀಮೆಸುಣ್ಣವೆಂದುಕೊಂಡು ಹೆಂಡತಿ ಕೊಡವಿದಳು. ಪುಡಿ ಹಾರಲಿಲ್ಲ, ಬೆರಳಿಗೆ ಅಂಟಿತು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ದರ್ಜಿಯ ಮುಂಗೈ ಪದರು ಪದರಾಗಿ ಸುಲಿಯುತ್ತಿತ್ತು.

"ಮೈಗೆ ಬೆಂಕಿ ಇಟ್ಟ ಹಾಗಿದೆ ಕಣೇ," ಎಂದ. "ಆ ಮಾತ್ರೆದ್ದೇ ಕೆಲಸ."

"ಮಾತ್ರೆ ಬಿಡೋಕೆ ನಿಮಗೊಂದು ನೆಪ ಬೇಕು. ಹೋದ ಸಲ ಬಿಟ್ಟು ಏನಾಯ್ತು? ಸೂಜಿ ಚುಚ್ಚಿ ರಕ್ತ ಬಂದ್ರೂ ಗೊತ್ತಾಗ್ದೆ, ಗಿರಾಕಿ ಶರ್ಟ್ ತುಂಬ ಕೆಂಪು ಹೂ ಬಿಡಿಸಿದ್ರಿ."

"ಬೇರೆ ದರ್ಜಿ ಆಗಿದ್ರೆ ಆ ಹೂಗಳಿಗೆ ಬೇರೆ ಕೂಲಿ ಕೇಳ್ತಿದ್ದ." ಅವನು ನಕ್ಕ. ತುಟಿ ಒಡೆಯಿತು.

ಕುಷ್ಠ ಎಂದು ತಿಳಿದ ದಿನ ನರ್ಸ್ ಹೇಳಿದ ಮಾತು ಅವಳ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು: ಏನೇ ಆಗಲಿ, ಒಂದು ದಿನವೂ ತಪ್ಪಿಸಬೇಡಿ. ಹಾಗಾಗಿ, ಗುಂಡಿ ಡಬ್ಬಿಯಲ್ಲಿ ಶರ್ಟಿನ ಗುಂಡಿಗಳ ನಡುವೆ ಅವನು ಬಚ್ಚಿಟ್ಟಿದ್ದ ಬಿಳಿ ಮಾತ್ರೆಗಳು ಕೈಗೆ ಸಿಕ್ಕಾಗ ಅವಳು ಜಗಳವಾಡಲಿಲ್ಲ. ಅಂದಿನಿಂದ ದಿನಕ್ಕೊಂದನ್ನು ಕತ್ತರಿಯ ಹಿಡಿಯಿಂದ ಅರೆದು, ಸಕ್ಕರೆ ಹೆಚ್ಚಿಗೆ ಹಾಕಿ, ಅವನ ಚಹಾದಲ್ಲಿ ಬೆರೆಸಿ ಕೊಡುತ್ತಿದ್ದಳು.

ಜ್ವರ ಏರಿ, ಕಣ್ಣು ಹಳದಿಯಾಗಿ, ಅಂಗಿ ಬೆನ್ನಿಗೆ ಅಂಟಿಕೊಂಡಾಗ ಆಸ್ಪತ್ರೆಗೆ ಕರೆತಂದಳು.

ಡಾಕ್ಟರ್ ಕತ್ತರಿ ಕೈಗೆತ್ತಿಕೊಂಡರು. "ಹೊಲಿಗೆ ಮೇಲೇ ಕತ್ತರಿಸಿ ಡಾಕ್ಟ್ರಮ್ಮ, ಮತ್ತೆ ಹೊಲಿಬಹುದು," ಎಂದ ದರ್ಜಿ. ಅಂಗಿಯ ಜೊತೆ ಚರ್ಮವೂ ಎದ್ದು ಬಂತು.

"ಬಿಳಿ ಮಾತ್ರೆ ತಗೊಳ್ತಿದ್ದೀರಾ?"

"ನಿಲ್ಲಿಸಿ ವಾರದ ಮೇಲಾಯ್ತು." ಹೆಂಡತಿಯ ಮುಖ ನೋಡದೆ ಸೇರಿಸಿದ, "ಇವಳಿಗೆ ಗೊತ್ತಿಲ್ಲ."

ಡಾಕ್ಟರ್ ಹುಬ್ಬು ಗಂಟಿಕ್ಕಿದರು. "ಕೆಲವರಿಗೆ ಆ ಮಾತ್ರೆ ವಿಷ ಆಗುತ್ತೆ. ಇದೂ ಅದೇ ಅನ್ಕೊಂಡೆ. ನಿಲ್ಲಿಸಿದ ಮೇಲೂ ಏರ್ತಾನೇ ಇದೆ ಅಂದ್ರೆ, ರೋಗವೇ ಕೆರಳಿರಬೇಕು." ನರ್ಸ್ ಕಡೆ ತಿರುಗಿದರು. "ಇವತ್ತಿಂದ್ಲೇ ಮತ್ತೆ ಶುರು ಮಾಡಿ."

ನರ್ಸ್ ಮಾತ್ರೆಯನ್ನೂ ನೀರಿನ ಲೋಟವನ್ನೂ ತಂದಳು. ದರ್ಜಿ ಮಗುವಿನಂತೆ ಬಾಯಿ ತೆರೆದ.

ಹೆಂಡತಿ ನರ್ಸ್‌ನ ಮಣಿಕಟ್ಟು ಹಿಡಿದಳು. "ಅವ್ರು ನಿಲ್ಲಿಸಿಲ್ಲ."

ಎಲ್ಲರೂ ಅವಳತ್ತ ತಿರುಗಿದರು.

"ಬೆಳಿಗ್ಗೆನೂ ಹೋಗಿದೆ ಹೊಟ್ಟೆಗೆ. ಟೀ ಒಳಗೆ. ನಾನೇ ಹಾಕ್ತಿದ್ದೆ."

ಡಾಕ್ಟರ್ ಯಾರನ್ನೋ ಕೂಗುತ್ತ ಹೊರಗೆ ಓಡಿದರು. ದರ್ಜಿ ಹೆಂಡತಿಯತ್ತ ಮುಖ ಹೊರಳಿಸಿದ.

"ಅದಕ್ಕೇ ಟೀ ಅಷ್ಟು ಸಿಹಿ ಇರ್ತಿತ್ತು," ಎಂದು ಕಣ್ಣು ಮುಚ್ಚಿದ.

ಅವನ ಕೈ ಹಿಡಿಯಲು ಬಾಗಿದಳು. ಹಿಡಿಯಲು ಗಟ್ಟಿ ಚರ್ಮ ಎಲ್ಲೂ ಕಾಣಲಿಲ್ಲ. ನೆಲದ ಮೇಲೆ ಬಿದ್ದಿದ್ದ, ಕತ್ತರಿಸಿದ ಅಂಗಿಯನ್ನು ಎತ್ತಿ ತೊಡೆಯ ಮೇಲೆ ಹರವಿಕೊಂಡು, ಅದರ ಗುಂಡಿಗಳನ್ನು ಒಂದೊಂದಾಗಿ ಹಾಕತೊಡಗಿದಳು.