ಮನೋರಮಾಳ ಕಡಲಮೀನಿನ ತೊಟ್ಟಿ

ಪುತ್ತೂರಿಗೆ ಕಾಲೇಜು ಬಂದ ಹೊಸತು. ಅಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಮಗಳು ಮನೋರಮಾ ಮನೆಯಲ್ಲಿ ಕಡಲಮೀನು ಸಾಕುತ್ತೇನೆಂದಾಗ, ಮಹಾಲಿಂಗ ಭಟ್ಟರು ಉಳ್ಳಾಲದಿಂದ ಲಾರಿಯಲ್ಲಿ ಉಪ್ಪುನೀರು ತರಿಸಿಕೊಟ್ಟರು. ಗಾಜಿನ ತೊಟ್ಟಿಯ ಮೇಲೆ ಬಲ್ಬನ್ನೂ ಕಟ್ಟಿಸಿದರು. ಆದರೆ ಮಗಳು ಅದನ್ನು ಹೊತ್ತಿಸಗೊಡಲಿಲ್ಲ.

"ಈಗ ಬೆಳಕು ಕೊಟ್ಟರೆ ಪಾಚಿ ಕಟ್ಟುದು ಮಾತ್ರ, ಅಪ್ಪ. ಮೀನಿನ ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಮೊದಲು ಮರಳಲ್ಲಿ ನೆಲೆಯೂರಬೇಕು. ಅವಕ್ಕೆ ಬೆಳಕು ಬೇಡ."

ಭಟ್ಟರಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೂ ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸಿ ಕಾದರು. ನೆರೆಮನೆಯ ಯಜ್ಞೇಶ್ವರ, "ಎಂತ ಮಾರಾಯ್ರೆ, ಮೀನಿಲ್ಲದ ತೊಟ್ಟಿಗೆ ಬಟ್ಟೆ ಬೇರೆಯಾ?" ಎಂದು ನಗುತ್ತಾ ಸ್ವಿಚ್ಚಿಗೆ ಕೈಹಾಕಿದಾಗ ಆ ಕೈಯನ್ನು ಹಿಡಿದುಬಿಟ್ಟರು.

"ಮುಟ್ಟಬೇಡ. ಎಂತ ಮಾಡುದು ಅಂತ ನನ್ನ ಮಗಳಿಗೆ ಗೊತ್ತುಂಟು."

ತಿಂಗಳು ಕಳೆದ ಮೇಲೆ ಮನೋರಮಾ ನೀರು ಪರೀಕ್ಷಿಸಿ, ಪಟ್ಟೆಪಟ್ಟೆಯ ಮೀನುಗಳನ್ನು ಬಿಟ್ಟಳು. ವಾರ ಕಳೆದರೂ ಒಂದೂ ಸಾಯಲಿಲ್ಲ. "ಇನ್ನು ನೀವೇ ದೀಪ ಹಾಕಿ, ಅಪ್ಪ," ಎಂದಳು.

ಭಟ್ಟರು ಸ್ವಿಚ್ಚು ಒತ್ತಿದರು. ತಿಳಿನೀರಿನಲ್ಲಿ ಮೀನುಗಳು ಮಿಂಚಿದವು. ಅವರು ಬಗ್ಗಿ ಒಂದೊಂದನ್ನೂ ನೋಡಿದರು. ಆಮೇಲೆ ಅಂಗಳ ದಾಟಿ ರಸ್ತೆಗೇ ಹೋಗಿ, ಪೇಟೆಗೆ ಹೊರಟವರನ್ನೆಲ್ಲ ಕೂಗಿ ನಿಲ್ಲಿಸಿದರು.

"ಬನ್ನಿ, ಬನ್ನಿ! ನನ್ನ ಮಗಳು ಪುತ್ತೂರಿಗೆ ಕಡಲು ತಂದಿದ್ದಾಳೆ, ನೋಡಿಕೊಂಡು ಹೋಗಿ!"