ಜಪ್ತಿಯಾದ ಅಂಗಡಿ, ಕಾಶವ್ವನ ಕಣ್ಣು

ಪುಣೆಯ ರವಿವಾರ ಪೇಠೆಯಲ್ಲಿ ಹೊಳಬಸಪ್ಪನ ಇಳಕಲ್ ಸೀರೆಯ ಅಂಗಡಿಗೆ ಕೋರ್ಟಿನ ಅರಗಿನ ಮುದ್ರೆ ಬಿದ್ದಿತ್ತು. ದೊಡ್ಡ ಸಾವುಕಾರನೊಬ್ಬ ಡಿಕ್ರಿ ತಂದು ಮಾಲನ್ನೆಲ್ಲ ಜಪ್ತಿ ಮಾಡಿಸಿದ್ದ. ಸೋಮವಾರ ಲಿಲಾವು, ಎಂದರೆ ಹರಾಜು. ಬಂದ ಹಣವೆಲ್ಲ ಅವನೊಬ್ಬನಿಗೇ ಹೋಗುವುದಿತ್ತು.

ಹೊಳಬಸಪ್ಪನ ಬಳಿ ಕಾಶವ್ವನ ಹಣದ ಗಂಟೂ ಇತ್ತು. ಅವನಿದ್ದ ವಾಡೆಯ ಹಿಂದಿನ ಕೋಣೆಯಲ್ಲಿ ಶ್ಯಾವಿಗೆ ಹೊಸೆದು ಬದುಕುವ ಮುದುಕಿ ಆಕೆ. ಕಣ್ಣಿನ ಪೊರೆ ತೆಗೆಸಲೆಂದು ಕೂಡಿಸಿದ್ದನ್ನು ನಂಬಿ ಅವನ ಕೈಗಿಟ್ಟಿದ್ದಳು; ಅದೂ ಅಂಗಡಿಯ ಮಾಲಿನಲ್ಲೇ ಸೇರಿತ್ತು.

ಅದೇ ವಾಡೆಯಲ್ಲಿದ್ದ ಬೆಳಗಾವಿಯ ವಕೀಲ ಮಾರ್ತಾಂಡರಾಯರು ದಿವಾಳಿ ಅರ್ಜಿ ಕೊಡಲು ಹೇಳಿದರು. ದಿವಾಳಿಯಾದವರು ಹಾಡುಹಗಲೇ ಅಂಗಡಿಯಲ್ಲಿ ದೀಪ ಹಚ್ಚಿ, ಗಾದಿ ಮಗುಚಿ, ದಿವಾಳಿಯೆಂದು ಊರಿಗೆ ಸಾರಿ ಹೋಗುವುದನ್ನು ಹೊಳಬಸಪ್ಪ ಚಿಕ್ಕಂದಿನಲ್ಲಿ ಕಂಡಿದ್ದ. ಅವನ ಅಣ್ಣನೂ ಹಿಂದೆ ಅರ್ಜಿ ಕೊಟ್ಟಿದ್ದ. ತೀರ್ಪು ಬರುವಷ್ಟರಲ್ಲಿ ಲಿಲಾವು ಮುಗಿದು, ಹಣ ಜಪ್ತಿ ತಂದವನ ಪಾಲಾಗಿತ್ತು.

"ಮರ್ಯಾದಿನೂ ಹೋತು, ಮಾಲೂ ಹೋತ್ರಿ. ನನಗ ಬ್ಯಾಡ."

"ಅದು ಹಳೇ ಕಾಯ್ದೆ," ಎಂದರು ರಾಯರು. "ಹತ್ತೊಂಬತ್ನೂರಾ ಇಪ್ಪತ್ತನೇ ಇಸ್ವಿಯಾಗ ಹೊಸಾದು ಬಂದದ. ಲಿಲಾವಿಗಿಂತ ಮೊದಲ ಕೋರ್ಟು ಅರ್ಜಿ ತಗೊಂಡ್ರ ಸಾಕು, ತೀರ್ಪಿಗೆ ಕಾಯೋದಿಲ್ಲ. ಮೊದಲು ಜಪ್ತಿ ತಂದೀನಿ ಅನ್ನೋ ಮಾತು ನಡೆಯಂಗಿಲ್ಲ. ಸಾಲಾ ಕೊಟ್ಟವರಿಗೆಲ್ಲಾ ಪಾಲು."

ಹೊಳಬಸಪ್ಪನ ಹೆಂಡತಿ ಶಿವಗಂಗವ್ವ ಮೆಲ್ಲಗೆ ಕೇಳಿದಳು. "ನಿಮ್ಮ ಮಾರಿ ಉಳೀಲಿ ಅಂತ ಕಾಶವ್ವಾಯಿ ಕಣ್ಣು ಬಲಿ ಕೊಡ್ತೀರೇನ್ರಿ?"

ಹೊಸ್ತಿಲಲ್ಲಿ ಕುಳಿತಿದ್ದ ಕಾಶವ್ವ ನಕ್ಕಳು. "ಕಣ್ಣಿನ ಮಾತು ಬಿಡವಾ. ಕಣ್ಣಿಲ್ಲದಿದ್ರೂ ಇವನ ಸೊಟ್ಟ ಮೀಸಿ ಕಾಣ್ತದ."

ಹೊಳಬಸಪ್ಪ ಎದ್ದು ರುಮಾಲು ಸುತ್ತಿಕೊಂಡ.

ಶನಿವಾರವೇ ಕೋರ್ಟು ಅರ್ಜಿ ತೆಗೆದುಕೊಂಡಿತು, ಲಿಲಾವು ನಿಂತಿತು. ಸಾವುಕಾರನ ವಕೀಲರು ಜಪ್ತಿಯ ಹಕ್ಕು ತಮ್ಮದೇ ಎಂದು ಬಹಳ ವಾದಿಸಿದರು. ರಾಯರು ಹೊಸ ಕಾಯ್ದೆಯ ಕಲಮನ್ನು ಓದಿ ತೋರಿಸಿದರು. ಮಾಲು ಕೋರ್ಟು ನೇಮಿಸಿದ ರಿಸೀವರನ ಕೈಗೆ ಹೋಗಿ, ಮಾರಾಟವಾಗಿ, ಎಲ್ಲರಿಗೂ ಹಂಚಿಕೆಯಾಯಿತು. ಕಾಶವ್ವನಿಗೆ ಪೂರ್ತಿ ಸಿಗಲಿಲ್ಲ. ಒಂದು ಕಣ್ಣಿಗಾಗುವಷ್ಟು ಸಿಕ್ಕಿತು.

ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದ ದಿನ ಆಕೆ ಹೊಳಬಸಪ್ಪನ ಗದ್ದ ಹಿಡಿದು ಹತ್ತಿರ ಎಳೆದುಕೊಂಡು ನೋಡಿದಳು.

"ಖರೇನ ಸೊಟ್ಟ ಅದಪಾ."



ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಅಂಗಡಿಗೂ ಮುದ್ರೆ ಬಿದ್ದರೆ ನಾಚಿ ಒಳಗೆ ಕೂಡಬೇಡಿರಿ. ಅಡವು ಬರೆದುಕೊಟ್ಟ ಮಾಲಿನ ಮಾತು ಬೇರೆ, ಅದನ್ನು ವಕೀಲರಲ್ಲಿ ಕೇಳಿರಿ. ಆದರೆ ಬರಿಯ ಜಪ್ತಿಯಾಗಿದ್ದರೆ, ಲಿಲಾವಿಗೆ ಮೊದಲೇ ಕೋರ್ಟು ತೆಗೆದುಕೊಳ್ಳುವಂತೆ ದಿವಾಳಿ ಅರ್ಜಿ ಕೊಡಿರಿ. ಇದ್ದುದನ್ನು ಎಲ್ಲರಿಗೂ ಹಂಚಲಿಕ್ಕೇ ಈ ಕಾಯ್ದೆ ಇದೆ. ನಿಮ್ಮನ್ನು ನಂಬಿ ಗಂಟು ಇಟ್ಟ ಕಾಶವ್ವ ನಿಮ್ಮ ಓಣಿಯಲ್ಲೂ ಇರಬಹುದು.