ಖಾಲಿ ಕುರ್ಚಿಗೆ ಅರ್ಜಿ

“ಏಯ್, ಎಲ್ಲಿ ನುಗ್ಗಾಕತ್ತೀರಿ? ಕಸ ಹೊಡಿಯೋರು ಹಿಂದಿನ ಬಾಗಲಕ್ಕ ಹೋಗ್ರಿ!”

ಗೋವಾದ ಪರ್ವರಿಯ ಮಾನವ ಹಕ್ಕು ಸಂಸ್ಥೆಯ ಬಾಗಿಲಲ್ಲಿ ಕಾರ್ಯದರ್ಶಿ ಸುಧೀರ ಕೈ ಅಡ್ಡ ಹಿಡಿದ.

“ಕಸ ಹೊಡಿಯಾಕ ಬಂದಿಲ್ಲೋ. ಬೋರ್ಡಿನ ಮೆಂಬರ್ ಆಗಾಕ ಬಂದೀನಿ. ನಾ ಫಕೀರವ್ವ. ಅರ್ಜಿ ಹಾಕಿದ್ದೆ, ನೀನ ಫೋನ್ ಮಾಡಿ ಕರದಿ.”

“ನಿಮ್ಮೊಬ್ಬರನ್ನ ಕರದಿದ್ದೆ. ಇವರೆಲ್ಲಾ ಯಾರು?”

ನನ್ನ ಬೆನ್ನಿಗೆ ಹೇಮಿಬಾಯಿ, ಹುಸೇನಬಿ, ನಮ್ಮ ಗ್ಯಾಂಗಿನ ಉಳಿದ ಹೆಂಗಸರು ಬುಟ್ಟಿ, ಸಲಿಕೆ, ರೊಟ್ಟಿಗಂಟು ಸಮೇತ ನಿಂತಿದ್ದರು. ಕಟ್ಟಡದ ಕೆಲಸದಲ್ಲಿ ಹೊಸ ಸೈಟಿಗೆ ಹೆಂಗಸನ್ನು ಒಂಟಿಯಾಗಿ ಕಳಿಸುವುದು ನಮ್ಮಲ್ಲಿಲ್ಲ. ಒಬ್ಬಳನ್ನು ಕರೆದರೂ ಗ್ಯಾಂಗೇ ಹೋಗುತ್ತದೆ. ಸಂದರ್ಶನಕ್ಕೂ ಅದೇ ರಿವಾಜು ಎಂದುಕೊಂಡಿದ್ದೆವು.

“ಒಬ್ಬಾಕಿನ್ನ ಒಳಗ ಕಳಸಾಕ ನಮಗೇನ್ ಹುಚ್ಚ ಹಿಡದೈತಿ?” ಎಂದು ಹೇಮಿಬಾಯಿ ಅವನ ತೋಳಿನ ಕೆಳಗೆ ತೂರಿದಳು. ಅವಳ ಹಿಂದೆ ಎಲ್ಲರೂ.

ಬಿಲ್ಡರನೊಬ್ಬ ನಾವಿರುವ ಶೆಡ್ಡುಗಳನ್ನು ಬೀಳಿಸಲು ಹೊರಟಿದ್ದ. ನಮ್ಮ ಪರವಾಗಿ ಕೋರ್ಟಿಗೆ ಹೋಗಬೇಕೋ ಬೇಡವೋ ಎಂದು ಈ ಬೋರ್ಡಿನಲ್ಲಿ ಕೈ ಎತ್ತಿಸಿದಾಗಲೆಲ್ಲ ಮೂವರು ಹೂಂ, ಮೂವರು ಉಹೂಂ. ಏಳನೆಯ ಕುರ್ಚಿ ಖಾಲಿ. ಅದಕ್ಕೇ ನನ್ನ ಅರ್ಜಿ.

ಒಳಗೆ ಟೇಬಲ್ ಸುತ್ತ ಆರೂ ಮೆಂಬರು ಕುಂತಿದ್ದರು. ಅಧ್ಯಕ್ಷೆ ಮೈತ್ರೇಯಿ ಬಾಯಿ ನಮ್ಮ ದಂಡು ನೋಡಿ ಕನ್ನಡಕ ಸರಿಮಾಡಿಕೊಂಡರು. ಪಕ್ಕದಲ್ಲಿದ್ದ ವಕೀಲ ಬಾಳಕೃಷ್ಣ ಮೂಗಿಗೆ ಕರವಸ್ತ್ರ ಹಿಡಿದ. ನಮ್ಮ ವಿಷಯಕ್ಕೆ ಸದಾ ಉಹೂಂ ಅನ್ನುವ ಮೂವರಲ್ಲಿ ಅವನೂ ಒಬ್ಬ.

“ಇಂಗ್ಲಿಷ್ ಬರ್ತದೇನು?” ಎಂದು ಕೇಳಿದ.

“ಬೈಯೋವಷ್ಟು ಬರತೈತ್ರಿ. ತೋರಸ್ಲೇನು?”

ಹುಸೇನಬಿ ಕಿಸಕ್ಕನೆ ನಕ್ಕಳು.

“ನೋಡವ್ವಾ,” ಅಂದ ಅವನು, “ಬೋರ್ಡ್ ಅಂದ್ರ ಮಣ್ಣು ಹೊತ್ತಂಗಲ್ಲ. ನಿಂಗ ಸಲಹಾ ಸಮಿತಿಯೊಳಗ ಜಾಗಾ ಕೊಡ್ತೀವಿ. ಫಂಕ್ಷನ್‌ದಾಗ ದೀಪ ಹಚ್ಚು, ಫೋಟೋ ತಗಸ್ಕೋ.”

“ಅಲ್ಲಿ ಕೈ ಎತ್ತಾಕ ಬರತೈತೇನ್ರಿ?”

“ಸಲಹಾ ಸಮಿತಿಯವರಿಗೆ ವೋಟ್ ಇರಂಗಿಲ್ಲ.”

“ಹಂಗಾರ ನಿನ್ನ ದೀಪ ನೀನ ಹಚ್ಕೋ, ಭಾಡ್ಯಾ!”

“ಹೊರಗ ನಡೀರಿ! ನಮ್ಮ ಮೀಟಿಂಗ್ ಐತಿ!” ಬಾಳಕೃಷ್ಣ ಒದರಿದ.

ನಾನು ಹೋಗಿ ಖಾಲಿ ಕುರ್ಚಿಯಲ್ಲಿ ಕುಂತೆ. ಮೆತ್ತಗಿತ್ತು. ಗ್ಯಾಂಗು ಬಾಗಿಲಿಗೆ ಅಡ್ಡ ಕುಂತು ರೊಟ್ಟಿಗಂಟು ಬಿಚ್ಚಿತು. ಸುಧೀರ ಪೊಲೀಸರ ಮಾತೆತ್ತಿದ. ಹುಸೇನಬಿ ಅವನ ಕೈಗೆ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಇಟ್ಟಳು. “ಉಣ್ಣೋ, ಆಮ್ಯಾಲ ಕರಿಯಂತಿ.”

ಮೈತ್ರೇಯಿ ಬಾಯಿ ನಗು ನುಂಗಿದರು. “ಇರ್ಲಿ, ಶೆಡ್ಡಿನ ವಿಷಯ ತಗೊಳ್ಳೋಣ. ಕೋರ್ಟಿಗೆ ಹೋಗೋದಕ್ಕ ಯಾರು ಒಪ್ತೀರಿ?”

ಮತ್ತೆ ಮೂರೇ ಕೈ ಎದ್ದವು. ನಾನೂ ಎತ್ತಿದೆ.

“ಅದನ್ನ ಎಣಸಬ್ಯಾಡ್ರಿ!” ಬಾಳಕೃಷ್ಣ ಟೇಬಲ್ ಗುದ್ದಿದ.

“ಎಣಸೋತನಕ ಕೈ ಇಳಸಂಗಿಲ್ಲ,” ಅಂದೆ.

ಮೈತ್ರೇಯಿ ಬಾಯಿ ನನ್ನ ಕೈ ನೋಡುತ್ತ ಕುಂತರು. ಫ್ಯಾನು ತಿರುಗುತ್ತಿತ್ತು. ರಟ್ಟೆ ಸೋತಿತು, ಆದರೂ ಕೈ ಇಳಿಸಲಿಲ್ಲ.

ಹೇಮಿಬಾಯಿ ಚಟ್ನಿ ಬೆರಳು ನೆಕ್ಕುತ್ತ ಎದ್ದುಬಂದು ನನ್ನ ಮೊಣಕೈ ಕೆಳಗೆ ತನ್ನ ಹೆಗಲು ಕೊಟ್ಟಳು.

“ಆರಾಮ ಇಡವ್ವಾ ಮ್ಯಾಲ,” ಅಂದಳು. “ಇವತ್ತ ನಮಗ ಬ್ಯಾರೆ ಕೆಲಸ ಇಲ್ಲ.”